ವೈದ್ಯನೂ ಅವನೇ, ದೊರೆಯೂ ಅವನೇ

ಚಿತ್ರದುರ್ಗದ ಕೋಟೆಯ ಮೇಲಿನ ಹಿಡಿಂಬೇಶ್ವರ ಗುಡಿಯಲ್ಲಿ ಒಂದು ಹಲ್ಲಿದೆ. ಭೀಮನ ಕೈಯಲ್ಲಿ ಸತ್ತ ಹಿಡಿಂಬಾಸುರನ ಹಲ್ಲು ಅದು ಎಂದು ಊರು ನಂಬಿದೆ. ಬೆಟ್ಟದ ತುಂಬ ಒಂದರ ಮೇಲೊಂದು ಬಿದ್ದುಕೊಂಡಿರುವ ಬಂಡೆಗಳು ಅವರಿಬ್ಬರೂ ಕಾದಾಡುವಾಗ ಪರಸ್ಪರ ಎಸೆದುಕೊಂಡವು ಎಂಬ ಕಥೆಯೂ ಇದೆ. ನರಮಾಂಸ ತಿನ್ನುವ ರಾಕ್ಷಸ ಸತ್ತ ಮೇಲೆ ಅವನ ಹೆಸರಿನಲ್ಲೇ ಈಶ್ವರನಿಗೆ ಗುಡಿ ಕಟ್ಟಿ, ಹಲ್ಲನ್ನು ಜೋಪಾನ ಮಾಡಿಟ್ಟುಕೊಂಡ ಊರು ಇದು. ಭಯ ಹುಟ್ಟಿಸುವವನನ್ನು ಓಡಿಸುವುದಷ್ಟೇ ಅಲ್ಲ, ಉಳಿಸಿಕೊಳ್ಳುವುದೂ ದುರ್ಗದವರಿಗೆ ಗೊತ್ತು.

ಸಿನಿಮಾದ ರಕ್ತಪಿಶಾಚಿಗೂ ಹಲ್ಲೇ ಗುರುತು. ಮಕ್ಕಳಿಗೆ ಡ್ರಾಕುಲಾ ಚಿತ್ರ ಬರೆಯಲು ಹೇಳಿದರೆ ಮೊದಲು ಎರಡು ಕೋರೆಹಲ್ಲು ಬರೆದು, ಆಮೇಲೆ ಉಳಿದ ಮುಖ ಬರೆಯುತ್ತವೆ. ಆದರೆ ಆ ಪಾತ್ರವನ್ನು ಜಗತ್ತಿಗೆಲ್ಲ ಪರಿಚಯಿಸಿದ ಬೆಲಾ ಲುಗೋಸಿ 1931ರ ‘ಡ್ರಾಕುಲಾ’ದಲ್ಲಿ ಒಮ್ಮೆಯೂ ಕೋರೆಹಲ್ಲು ತೋರಿಸಿಲ್ಲ. ಹಲ್ಲಿಲ್ಲದೆ ಹೆದರಿಸಿದ ನಟ ಅವನು. ನಟನ ದೇಹ, ಕಣ್ಣು, ದನಿಗಳಿಂದಲೇ ಭಯ ಹುಟ್ಟಬೇಕಾದಾಗ ಏನಾಗುತ್ತದೆ ಎಂಬುದನ್ನು ನೋಡಲು ಲುಗೋಸಿಯಿಂದಲೇ ಹೊರಡುವುದು ಸರಿ. ಅಲ್ಲಿಂದ ಹೊರಟ ದಾರಿ ಕೊನೆಗೆ ಬಂದು ನಿಲ್ಲುವುದು ಇದೇ ದುರ್ಗದ ಬಂಡೆಗಳ ಮೇಲೆ ಮೊದಲು ಬೆಳಕಿಗೆ ಬಂದ ಒಬ್ಬ ನಟನ ಹತ್ತಿರ.

ಲುಗೋಸಿ ಹಂಗೇರಿಯವನು. ಅವನು ಹುಟ್ಟಿದ ಊರು ಈಗ ರೊಮೇನಿಯಾದಲ್ಲಿದೆ. ಇಂಗ್ಲಿಷ್ ಅವನಿಗೆ ಕಲಿತ ಭಾಷೆ. 1927ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಡ್ರಾಕುಲಾ ಆಡಿ ಪಳಗಿದ ಮೇಲೆ ಸಿನಿಮಾಕ್ಕೆ ಬಂದ. ಮಾತಿನ ನಡುವೆ ಅವನು ಬಿಡುವ ಬಿಡುವು, ಒಂದೊಂದು ಪದವನ್ನೂ ತೂಗಿ ಹೊರಹಾಕುವ ರೀತಿ, ಕಣ್ಣಿನ ಮೇಲೆ ಮಾತ್ರ ಬೀಳುವ ಸಣ್ಣ ಬೆಳಕಿನ ಪಟ್ಟಿ, ಇಷ್ಟೇ ಅವನ ಬಂಡವಾಳ. ಅವನ ಕೌಂಟ್ ಔತಣಕ್ಕೆ ಕರೆಯುವ ಶ್ರೀಮಂತ. ನಯವಾಗಿ ಬರಮಾಡಿಕೊಳ್ಳುತ್ತಾನೆ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾನೆ. ಅದೇ ಸೆಟ್ಟಿನಲ್ಲಿ ಹಗಲು ಇಂಗ್ಲಿಷ್ ತಂಡ, ರಾತ್ರಿ ಸ್ಪ್ಯಾನಿಷ್ ತಂಡ ಚಿತ್ರೀಕರಣ ಮಾಡಿದವು. ರಾತ್ರಿಯ ಡ್ರಾಕುಲಾ ಕಾರ್ಲೋಸ್ ವಿಯಾರಿಯಾಸ್. ಅದೇ ಮೆಟ್ಟಿಲು, ಅದೇ ಜೇಡರಬಲೆ, ಅದೇ ಕಥೆ. ಸ್ಪ್ಯಾನಿಷ್ ಚಿತ್ರದ ಕ್ಯಾಮೆರಾ ಹೆಚ್ಚು ಚುರುಕಾಗಿದೆ ಎಂದು ಬಲ್ಲವರು ಹೊಗಳುತ್ತಾರೆ. ಆದರೂ ಜನರ ನೆನಪಿನಲ್ಲಿ ಉಳಿದವನು ಲುಗೋಸಿ. ವಿಯಾರಿಯಾಸ್ ಕಣ್ಣರಳಿಸಿ, ತುಟಿ ಬಿಚ್ಚಿ, ಕಷ್ಟಪಟ್ಟು ಹೆದರಿಸುತ್ತಾನೆ. ಲುಗೋಸಿ ಸುಮ್ಮನೆ ನಿಲ್ಲುತ್ತಾನೆ.

ಅವನಿಗಿಂತ ಮುಂಚೆ ಮೂಕಿ ಚಿತ್ರದ ಕಾಲದಲ್ಲೇ, 1922ರಲ್ಲಿ, ಜರ್ಮನಿಯ ಮುರ್ನೌ ‘ನೊಸ್ಫೆರಾಟು’ ಮಾಡಿದ್ದ. ಕಾದಂಬರಿಯ ಹಕ್ಕು ಕೊಳ್ಳದೆ ಹೆಸರುಗಳನ್ನು ಮಾತ್ರ ಬದಲಿಸಿ ಮಾಡಿದ ಚಿತ್ರ. ಲೇಖಕ ಬ್ರಾಮ್ ಸ್ಟೋಕರ್‌ನ ಪತ್ನಿ ದಾವೆ ಹೂಡಿದರು. ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ಕೋರ್ಟು ಆಜ್ಞೆ ಮಾಡಿತು. ಹೇಗೋ ಕೆಲವು ಪ್ರತಿ ಉಳಿದವು. ಅದರಲ್ಲಿ ಮ್ಯಾಕ್ಸ್ ಶ್ರೆಕ್ ಆಡಿದ ಕೌಂಟ್ ಓರ್ಲಾಕ್‌ಗೆ ಶ್ರೀಮಂತಿಕೆಯ ಸೋಂಕೇ ಇಲ್ಲ. ಬೋಳುತಲೆ, ಚೂಪು ಕಿವಿ, ಇಲಿಯಂಥ ಮುಂದಿನ ಹಲ್ಲು, ಉದ್ದುದ್ದ ಉಗುರು. ಪ್ಲೇಗು ಊರಿಗೆ ಬಂದಂತೆ ಬರುತ್ತಾನೆ. ಬಿಸಿಲು ಬಿದ್ದು ರಕ್ತಪಿಶಾಚಿ ಸಾಯುವ ಪದ್ಧತಿ ಶುರುವಾದದ್ದು ಈ ಚಿತ್ರದಿಂದ. ಕಾದಂಬರಿಯ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ.

ಕೋರೆಹಲ್ಲು ಜನಪ್ರಿಯವಾದದ್ದು 1958ರಲ್ಲಿ, ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಬಣ್ಣದ ಚಿತ್ರದಲ್ಲಿ. ಆರಡಿ ದಾಟಿದ ಕ್ರಿಸ್ಟೋಫರ್ ಲೀ ಬಾಗಿಲಲ್ಲಿ ಬಂದು ನಿಂತರೆ ಬಾಗಿಲೇ ತುಂಬಿಹೋಗುತ್ತದೆ. ಕಣ್ಣು ಕೆಂಪು, ಬಾಯಿ ಕೆಂಪು. ಲೀಯ ಹಿರಿಮೆ ವೇಗದಲ್ಲಿದೆ. ಸೌಜನ್ಯದಿಂದ ಮಾತಾಡುತ್ತಿದ್ದವನು ಮರುಕ್ಷಣ ಮೇಜನ್ನೇ ಹಾರಿ ಬರುತ್ತಾನೆ. 1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಅವನಿಗೆ ಒಂದೂ ಮಾತಿಲ್ಲ, ಬುಸುಗುಟ್ಟುವುದಷ್ಟೇ. ಮಾತು ಕೆಟ್ಟದಾಗಿದ್ದುದರಿಂದ ತಾನೇ ಆಡಲಿಲ್ಲ ಎಂದು ಲೀ ಹೇಳುತ್ತಿದ್ದ. ನಾನು ಮಾತೇ ಬರೆದಿರಲಿಲ್ಲ ಎಂದು ಚಿತ್ರಕಥೆಗಾರ ಜಿಮ್ಮಿ ಸ್ಯಾಂಗ್‌ಸ್ಟರ್ ಹೇಳುತ್ತಿದ್ದ. ಯಾರ ಮಾತು ನಿಜವಾದರೂ ಮಾತಿಲ್ಲದ ಲೀ ಮಾತಾಡುವ ಅನೇಕರಿಗಿಂತ ಭಾರ.

‘ನೊಸ್ಫೆರಾಟು’ವನ್ನು ಮತ್ತೆ ಮಾಡಿದ ಹರ್ಟ್ಸೋಗ್‌ನ 1979ರ ಚಿತ್ರದಲ್ಲಿ ಕ್ಲೌಸ್ ಕಿನ್ಸ್ಕಿ ಅದೇ ಇಲಿಹಲ್ಲಿನ ಮುಖಕ್ಕೆ ಅಳು ತಂದ. ಸಾವು ಬರುವುದಿಲ್ಲ ಎಂಬುದೇ ಅವನ ಸಂಕಟ. 1992ರಲ್ಲಿ ಕೊಪೊಲಾ ಚಿತ್ರದ ಗ್ಯಾರಿ ಓಲ್ಡ್‌ಮನ್ ಪ್ರೇಮಿಯಾದ: ನಾನೂರು ವರ್ಷ ಕಾದು, ಸತ್ತ ಹೆಂಡತಿ ಇನ್ನೊಂದು ಜನ್ಮ ಎತ್ತಿ ಬಂದಿದ್ದಾಳೆಂದು ನಂಬಿದವನು. 2024ರ ‘ನೊಸ್ಫೆರಾಟು’ವಿನಲ್ಲಿ ಬಿಲ್ ಸ್ಕಾರ್ಸ್‌ಗಾರ್ಡ್ ಗಂಟಲನ್ನು ಪಾತಾಳಕ್ಕಿಳಿಸಲು ಗಾಯನದ ಗುರುವಿನಿಂದ ತಾಲೀಮು ಪಡೆದ. ಆ ಚಿತ್ರದ ಓರ್ಲಾಕ್‌ಗೆ ದಪ್ಪ ಮೀಸೆಯೂ ಇದೆ. ಸ್ಟೋಕರ್ ತನ್ನ ಡ್ರಾಕುಲಾಗೆ ಮೀಸೆ ಕೊಟ್ಟಿದ್ದ. ತೆರೆಯ ಹೆಸರಾಂತ ಡ್ರಾಕುಲಾಗಳಲ್ಲಿ ಹೆಚ್ಚಿನವರು ಮೀಸೆ ಬೋಳಿಸಿಕೊಂಡೇ ಬಂದಿದ್ದರು.

ಸ್ಟೋಕರ್‌ನ ಕಾದಂಬರಿ ಹೊರಬಂದದ್ದು 1897ರಲ್ಲಿ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟೆ ಎದ್ದದ್ದೂ ಅದೇ ಕಾಲ. 1907ರ ಹೊತ್ತಿಗೆ ಕೆಲಸ ಮುಗಿಯಿತು. ಎಂಜಿನಿಯರುಗಳ, ಅಳತೆಯ, ಉಗಿಯಂತ್ರದ ಕಾಲ. ಡ್ರಾಕುಲಾ ಕಾದಂಬರಿಯಲ್ಲೂ ಟೈಪ್‌ರೈಟರ್, ತಂತಿ, ರೈಲು ವೇಳಾಪಟ್ಟಿ, ದನಿ ಮುದ್ರಿಸುವ ಯಂತ್ರ ಎಲ್ಲ ಇವೆ. ಹಳೆಯ ಕೋಟೆಯ ದೊರೆಯೊಬ್ಬ ಇಂಥ ಕಾಲಕ್ಕೆ ನುಗ್ಗಿದಾಗ ಅವನನ್ನು ಹಿಡಿಯಲು ಹೊರಡುವವನು ಒಬ್ಬ ವೈದ್ಯ, ವ್ಯಾನ್ ಹೆಲ್ಸಿಂಗ್. ದೊರೆ ಮತ್ತು ವೈದ್ಯರ ಈ ಜಿದ್ದೇ ಕಥೆಯ ಬೆನ್ನೆಲುಬು. ಪಶ್ಚಿಮದ ಪ್ರಸಿದ್ಧ ಚಿತ್ರಗಳಲ್ಲೆಲ್ಲ ಇವರನ್ನು ಇಬ್ಬರು ನಟರು ಆಡಿದ್ದಾರೆ. ಲುಗೋಸಿಗೆ ಎಡ್ವರ್ಡ್ ವ್ಯಾನ್ ಸ್ಲೋನ್ ಎದುರಾದ, ಲೀಗೆ ಪೀಟರ್ ಕುಶಿಂಗ್ ಎದುರಾದ.

ಕನ್ನಡದಲ್ಲಿ ಈ ಎರಡೂ ಪಾತ್ರಗಳನ್ನು ಒಬ್ಬನೇ ನಟ ಆಡಿದ.

ಕನ್ನಡ ಸಿನಿಮಾದಲ್ಲಿ ರಕ್ತ ಹೀರುವ ಕೌಂಟ್ ಬೇರೂರಲಿಲ್ಲ. ಹಿಂದಿಯಲ್ಲಿ ರಾಮ್ಸೆ ಸೋದರರು 1990ರ ‘ಬಂದ್ ದರ್ವಾಜಾ’ದಲ್ಲಿ ಡ್ರಾಕುಲಾನನ್ನು ಹೋಲುವ ನೇವ್ಲಾನನ್ನು ತಂದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದ್ದ ಎತ್ತರದ ಆಳು ಅಜಯ್ ಅಗರ್‌ವಾಲ್ ಆ ಪಾತ್ರ ಮಾಡಿದ. ಕನ್ನಡದ ಹಾದಿ ಬೇರೆ. ಇಲ್ಲಿ ಭೂತ ಹೊರಗಿನಿಂದ ಕಚ್ಚುವುದಿಲ್ಲ, ಒಳಗೆ ಹೊಕ್ಕು ಕೂರುತ್ತದೆ. ಜಾತ್ರೆಯಲ್ಲಿ ಉರುಮೆಯ ಸದ್ದಿಗೆ ಮೈದುಂಬಿ ತಲೆ ಕೊಡವುವವರನ್ನು ಹೊಸದುರ್ಗ, ಹೊಳಲ್ಕೆರೆ ಸೀಮೆಯ ಜನ ಚಿಕ್ಕಂದಿನಿಂದ ನೋಡಿದ್ದಾರೆ. ಮೈಮೇಲೆ ಬಂದದ್ದು ನಿಜವೋ ನಟನೆಯೋ ಎಂದು ಅವರು ನಿಂತ ನಿಲುವಿನಲ್ಲೇ ಹೇಳಬಲ್ಲರು. ಇಂಥ ಪ್ರೇಕ್ಷಕರ ಮುಂದೆ ಸುಳ್ಳು ನಡೆಯುವುದಿಲ್ಲ.

1979ರ ‘ನಾ ನಿನ್ನ ಬಿಡಲಾರೆ’ ಗೆದ್ದದ್ದು ಈ ಕಾರಣಕ್ಕೇ. ವಿಜಯ್ ನಿರ್ದೇಶನದ ಆ ಚಿತ್ರದಲ್ಲಿ ಅನಂತನಾಗ್ ಮೈಮೇಲೆ ಕಾಮಿನಿ ಎಂಬ ಹೆಣ್ಣಿನ ಪ್ರೇತ ಬರುತ್ತದೆ. ಬಿಡಿಸಿಕೊಳ್ಳಲು ಹೆಂಡತಿ ಲಕ್ಷ್ಮಿ ಮಂತ್ರಾಲಯದ ರಾಯರ ಮೊರೆ ಹೋಗುತ್ತಾಳೆ. ಗಂಡಸಿನ ದೇಹದಲ್ಲಿ ಹೆಣ್ಣಿನ ಆಸೆಯನ್ನು, ಹಟವನ್ನು ತೋರಿಸುವಾಗ ಸ್ವಲ್ಪ ಎಡವಿದರೂ ಥಿಯೇಟರ್ ನಗುತ್ತಿತ್ತು. ಜನ ನಗಲಿಲ್ಲ, ಹೆದರಿದರು. ಎರಡು ವರ್ಷದ ನಂತರ ಹಿಂದಿಯಲ್ಲಿ ಅದೇ ಕಥೆ ‘ಮಂಗಳಸೂತ್ರ’ವಾದಾಗಲೂ ಅನಂತನಾಗ್ ಅವರೇ ಬೇಕಾಯಿತು, ಎದುರಿಗೆ ರೇಖಾ.

ಆಮೇಲೆ ಬಂದವಳು ನಾಗವಲ್ಲಿ.

ಆ ಪಾತ್ರ ಹುಟ್ಟಿದ್ದು ಕೇರಳದಲ್ಲಿ. 1993ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಫಾಜಿಲ್ ನಿರ್ದೇಶನದ ‘ಮಣಿಚಿತ್ರತಾಳ್’, ಮಧು ಮುಟ್ಟಂ ಬರೆದ ಕಥೆ. ಹಳೆಯ ತರವಾಡು ಮನೆ, ಬೀಗ ಹಾಕಿದ ಕೋಣೆ, ಅದರೊಳಗೆ ಒಬ್ಬ ನರ್ತಕಿಯ ಚಿತ್ರ. ದೊರೆ ಅವಳನ್ನು ಕರೆತಂದಿದ್ದ. ಅವಳು ಪ್ರೀತಿಸಿದ್ದು ನಾಟ್ಯಗಾರನನ್ನು. ದೊರೆ ಅವಳನ್ನು ಕೊಂದ. ಆ ಮನೆಗೆ ಬಂದ ಸೊಸೆ ಗಂಗಾಳ ಮನಸ್ಸಿನೊಳಗೆ ನಾಗವಲ್ಲಿ ಎದ್ದು ಕೂರುತ್ತಾಳೆ. ವಾಸಿ ಮಾಡಲು ಬರುವವನು ಮನೋವೈದ್ಯ. ಕೋಟೆ, ದೊರೆ, ವೈದ್ಯ, ಹೆಣ್ಣು. ಸ್ಟೋಕರ್‌ನ ಸಾಮಗ್ರಿಯೆಲ್ಲ ಇದೆ, ರಕ್ತ ಹೀರುವ ಹಲ್ಲು ಒಂದಿಲ್ಲ.

2004ರಲ್ಲಿ ಪಿ. ವಾಸು ಇದನ್ನು ಕನ್ನಡಕ್ಕೆ ‘ಆಪ್ತಮಿತ್ರ’ ಎಂದು ತಂದರು. ಸಾಲದಲ್ಲಿ ಮುಳುಗಿದ್ದ ದ್ವಾರಕೀಶ್ ನಿರ್ಮಾಪಕರು. 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’ ಬಂದವು. ಒಂದೇ ಹೆಣ್ಣನ್ನು ನಾಲ್ವರು ನಟಿಯರು ಆಡಿದರು: ಶೋಭನಾ, ಸೌಂದರ್ಯ, ಜ್ಯೋತಿಕಾ, ವಿದ್ಯಾ ಬಾಲನ್. ಡ್ರಾಕುಲಾಗಳನ್ನು ಅಕ್ಕಪಕ್ಕ ಇಟ್ಟು ನೋಡುವಂತೆ ಇವರನ್ನೂ ನೋಡಬಹುದು, ನೋಡಲೇಬೇಕು.

ಒಂದು ವಿಚಾರ ನಾಲ್ಕರಲ್ಲೂ ಸಮಾನ. ಭೂತ ಮಾತಾಡುವುದು ಪಕ್ಕದ ಸೀಮೆಯ ಭಾಷೆ. ಮಲಯಾಳಂ ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದಲ್ಲೂ ತಮಿಳಿನಲ್ಲೂ ಅವಳ ಬಾಯಲ್ಲಿ ತೆಲುಗು. ಹಿಂದಿಯ ಮಂಜುಳಿಕಾ ಬಂಗಾಳಿ. ಮನೆಯ ಹೆಣ್ಣುಮಗಳು ಇದ್ದಕ್ಕಿದ್ದಂತೆ ಮನೆಯಲ್ಲಿ ಯಾರೂ ಆಡದ ಮಾತನ್ನು ನಿರರ್ಗಳ ಆಡಿದರೆ ಕೋರೆಹಲ್ಲು ಬೇಕಿಲ್ಲ, ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ.

ಶೋಭನಾ ಭರತನಾಟ್ಯ ಕಲಿತು ಅದರಲ್ಲೇ ಬದುಕಿದವರು. ತಿರುವಾಂಕೂರು ಸೋದರಿಯರೆಂದು ಹೆಸರಾದ ಲಲಿತಾ, ಪದ್ಮಿನಿ, ರಾಗಿಣಿಯರ ಮನೆಯವರು. ಹೀಗಾಗಿ ಅವರ ನಾಗವಲ್ಲಿ ಕುಣಿಯುವಾಗ ಅರಮನೆಯ ನರ್ತಕಿ ಎಂಬುದನ್ನು ಪ್ರತ್ಯೇಕವಾಗಿ ನಂಬಿಸಬೇಕಾಗಿಲ್ಲ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಆ ಪಾತ್ರದ ದನಿ ಅವರದಲ್ಲ. ಗಂಗಾಳಿಗೆ ಭಾಗ್ಯಲಕ್ಷ್ಮಿ ಕಂಠದಾನ ಮಾಡಿದರೆ, ತಮಿಳಾಡುವ ನಾಗವಲ್ಲಿಗೆ ದನಿ ಕೊಟ್ಟವರು ದುರ್ಗಾ ಎಂಬ ಬೇರೊಬ್ಬ ಕಲಾವಿದೆ. ಒಂದು ದೇಹ, ಎರಡು ಗಂಟಲು. ಹೆಣ್ಣೊಬ್ಬಳು ಇಬ್ಬರಾಗುವ ಕಥೆಗೆ ಇದು ತಾನಾಗಿ ಒದಗಿದ ನ್ಯಾಯ.

ವಿದ್ಯಾ ಬಾಲನ್ ಪಾಲಕ್ಕಾಡಿನ ತಮಿಳು ಮನೆತನದವರು. ಹಿಂದಿ ಚಿತ್ರದಲ್ಲಿ ಬಂಗಾಳಿ ಪ್ರೇತವಾದರು. ಕೆದರಿದ ಕೂದಲು, ಹರಡಿದ ಕಾಡಿಗೆ, ಅಳುವಿನಂಚಿನ ನಗು, ಇವೆಲ್ಲ ಎಷ್ಟು ನಿಂತವೆಂದರೆ 2024ರಲ್ಲಿ ಸರಣಿಯ ಮೂರನೇ ಚಿತ್ರಕ್ಕೆ ಅವರನ್ನೇ ಮತ್ತೆ ಕರೆಯಬೇಕಾಯಿತು. ಜ್ಯೋತಿಕಾ ಕಣ್ಣುಗಳಿಂದಲೇ ಆಡಿದರು. ದೊಡ್ಡ ಕಣ್ಣು, ಇನ್ನೂ ದೊಡ್ಡದು ಮಾಡಿದರು. ರಜನಿಕಾಂತ್ ಚಿತ್ರದ ಗದ್ದಲದಲ್ಲಿ ಅದು ಬೇಕಿತ್ತೇನೋ.

ಸೌಂದರ್ಯ ಇವರೆಲ್ಲರಿಗಿಂತ ಬೇರೆ. ಮುಳಬಾಗಿಲಿನ ಕಡೆಯವರು, ಕನ್ನಡ, ತೆಲುಗು ಎರಡೂ ಓಣಿಯಲ್ಲಿ ಆಡುವ ಸೀಮೆ ಅದು. ತೆಲುಗು ಚಿತ್ರರಂಗದಲ್ಲಿ ಅವರು ದೊಡ್ಡ ತಾರೆಯಾಗಿದ್ದರು. ಹಾಗಾಗಿ ನಾಗವಲ್ಲಿಯ ತೆಲುಗು ಅವರಿಗೆ ಕಂಠಪಾಠದ ಭಾಷೆಯಲ್ಲ. ತೆಲುಗಿನಲ್ಲಿ ನಗುವುದು, ಬೈಯುವುದು, ಗದರುವುದು ಎಲ್ಲ ಬಲ್ಲವರು. ಮಂಚ ಎತ್ತುವ ದೃಶ್ಯವನ್ನೇ ನೋಡಿ. ಹೊರಗೆ ಹೋಗಬೇಡ ಎಂದು ಗಂಡ, ರಮೇಶ್ ಅರವಿಂದ್, ಮೆತ್ತಗೆ ಹೇಳುತ್ತಾನೆ. ಗಂಗಾ ಮೊದಲು ಕೇಳಿಸಿಕೊಳ್ಳುತ್ತಾಳೆ, ಅಷ್ಟೇ. ಬೇಸರವಿದೆ, ಕೋಪವಿಲ್ಲ. ಹುಬ್ಬು ಸ್ವಲ್ಪ ಕೂಡುತ್ತದೆ. ಉಸಿರು ಎದೆಯಿಂದ ಹೊಟ್ಟೆಗಿಳಿಯುತ್ತದೆ. ದನಿ ಒಂದೇ ಸಲ ಏರುವುದಿಲ್ಲ. ಮೊದಲು ದಪ್ಪವಾಗುತ್ತದೆ, ಆಮೇಲೆ ಏರುತ್ತದೆ. ಕೈ ಮಂಚದ ಅಂಚಿಗೆ ಹೋಗುವ ಹೊತ್ತಿಗೆ ನೋಡುವವರಿಗೆ ಮಂಚ ಮೇಲೇಳುವುದರಲ್ಲಿ ಆಶ್ಚರ್ಯ ಉಳಿದಿರುವುದಿಲ್ಲ. ಅಷ್ಟು ಬಲ ಆ ಮುಖಕ್ಕೆ ಆಗಲೇ ಬಂದಾಗಿದೆ. ನಾಲ್ವರಲ್ಲಿ ಕುಸುರಿಗೆ ಶೋಭನಾ, ಭಯಕ್ಕೆ ಸೌಂದರ್ಯ ಎಂಬುದು ಈ ಲೇಖನದ ತೀರ್ಪು. ಸೌಂದರ್ಯ ಬದಲಾಗುವುದು ಕಾಣುತ್ತದೆ. ಎಲ್ಲಿಂದ ಬದಲಾದರು ಎಂಬ ಗೆರೆ ಕಾಣುವುದಿಲ್ಲ.

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ದುರಂತದಲ್ಲಿ ಅವರು ತೀರಿಕೊಂಡರು. ‘ಆಪ್ತಮಿತ್ರ’ ತೆರೆ ಕಂಡದ್ದು ಆಗಸ್ಟಿನಲ್ಲಿ. ಸತ್ತುಹೋದ ನರ್ತಕಿ ಬದುಕಿರುವ ಹೆಣ್ಣಿನ ಮೈಯಲ್ಲಿ ಕುಣಿಯುವುದನ್ನು ಜನ ನೋಡಿದಾಗ ಆ ಹೆಣ್ಣೂ ಬದುಕಿರಲಿಲ್ಲ. ಚಿತ್ರ ಒಂದು ವರ್ಷ ಓಡಿತು. ಆ ಓಟದಲ್ಲಿ ಭಯದ ಪಾಲೆಷ್ಟು, ದುಃಖದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈಗ ದೊರೆಯ ವಿಷಯ.

ಮಲಯಾಳಂ ಮೂಲದಲ್ಲಿ ಆ ದೊರೆ, ಶಂಕರನ್ ತಂಬಿ, ಬಹುಮಟ್ಟಿಗೆ ಕಥೆಯಲ್ಲಿ ಕೇಳಿಬರುವ ಹೆಸರು. ‘ಚಂದ್ರಮುಖಿ’ಯಲ್ಲಿ ರಜನಿಕಾಂತ್ ಮನೋವೈದ್ಯನಾಗಿದ್ದವರು ಸ್ವಲ್ಪ ಹೊತ್ತು ವೇಟ್ಟಯ್ಯನ್ ದೊರೆಯೂ ಆದರು. ‘ಲಕ ಲಕ’ ಎಂದು ಅವರು ನಾಲಿಗೆ ಹೊರಳಿಸಿದ್ದು ತಮಿಳುನಾಡಿನ ಮಕ್ಕಳ ಬಾಯಿಗೆಲ್ಲ ಬಂತು. ಅದು ರಜನಿ ಶೈಲಿ. ನೋಡಲು ಹಬ್ಬ. ಆದರೆ ಆ ದೊರೆಗೆ ಹಿಂದೆ ಏನಿತ್ತು, ಒಳಗೆ ಏನಿದೆ ಎಂದು ಕೇಳಿಕೊಳ್ಳಲು ಚಿತ್ರ ಬಿಡುವು ಕೊಡುವುದಿಲ್ಲ. 2023ರ ‘ಚಂದ್ರಮುಖಿ 2’ರಲ್ಲಿ ರಾಘವ ಲಾರೆನ್ಸ್ ಅದೇ ಪಾತ್ರಕ್ಕೆ ಬಂದರು, ಕಂಗನಾ ರಣಾವತ್ ಚಂದ್ರಮುಖಿಯಾದರು. ಹಿಂದಿನವರ ನೆರಳು ಇಬ್ಬರ ಮೇಲೂ ದಟ್ಟವಾಗಿತ್ತು.

ದೊರೆಗೆ ಪೂರ್ತಿ ಜೀವ ಬಂದದ್ದು ಕನ್ನಡದಲ್ಲಿ. 2010ರ ಫೆಬ್ರವರಿ 19ರಂದು ಬಿಡುಗಡೆಯಾದ ‘ಆಪ್ತರಕ್ಷಕ’, ಮತ್ತೆ ಪಿ. ವಾಸು. ಈ ಸಲ ನಾಗವಲ್ಲಿಯ ಚಿತ್ರಪಟವೊಂದು ಒಂದು ಮನೆ ಸೇರಿ ಅನಾಹುತ ಮಾಡುತ್ತದೆ. ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಆಡಿದ್ದ ಮನೋವೈದ್ಯ ಡಾಕ್ಟರ್ ವಿಜಯ್ ಮರಳಿ ಬರುತ್ತಾನೆ. ಆಮೇಲೆ ಕಥೆ ತಿರುಗುತ್ತದೆ: ನಾಗವಲ್ಲಿಯನ್ನು ಕೊಂದ ದೊರೆ ವಿಜಯ ರಾಜೇಂದ್ರ ಬಹದ್ದೂರ್ ಸತ್ತೇ ಇಲ್ಲ. ನೂರು ವರ್ಷ ದಾಟಿ ಇನ್ನೂ ಬದುಕಿದ್ದಾನೆ, ಮಾಟಮಂತ್ರದ ಬಲದಿಂದ ಸಾವನ್ನು ತಡೆದಿದ್ದಾನೆ. ದೂರದ ಕೋಟೆ, ಸಾಯದ ಅರಸ, ಅವನಿಗೆ ಸಿಗದೆ ಹೋದ ಹೆಣ್ಣು, ಹಿಡಿಯಲು ಹೊರಟ ವೈದ್ಯ. ಕನ್ನಡಕ್ಕೆ ತನ್ನದೇ ಡ್ರಾಕುಲಾ ಸಿಕ್ಕಿದ. ಮೊದಲ ಚಿತ್ರ ಭೂತವಿಲ್ಲ, ಮನಸ್ಸಿನ ಕಾಯಿಲೆ ಅದು ಎಂದು ಹೇಳಿದ್ದರೆ ಎರಡನೆಯದು ಆ ಧೈರ್ಯವನ್ನು ಅರ್ಧ ಬಿಟ್ಟುಕೊಟ್ಟಿತು. ವಿಚಾರದ ದೃಷ್ಟಿಯಿಂದ ಅದು ಹಿಂದಡಿ. ನಟನಿಗೆ ಮಾತ್ರ ಅದು ದೊಡ್ಡ ಬಯಲು.

ವೈದ್ಯ, ದೊರೆ ಎರಡೂ ಪಾತ್ರ ಮಾಡಿದ ವಿಷ್ಣುವರ್ಧನ್‌ಗೆ ಚಿತ್ರೀಕರಣದ ಹೊತ್ತಿಗೆ ಅರವತ್ತರ ಹತ್ತಿರ. ವೈದ್ಯನಾಗಿ ಅವರು ಸಡಿಲ, ಹಗುರ. ನಗುತ್ತಾ ಕೋಣೆಗೆ ಬರುತ್ತಾರೆ, ಎದುರಿನವರ ಮಾತನ್ನು ತಲೆ ಓರೆ ಮಾಡಿ ಕೇಳುತ್ತಾರೆ. ದೊರೆಯಾದಾಗ ಕತ್ತು ಬಿಗಿಯುತ್ತದೆ, ಎದೆ ಮುಂದೆ ಬರುತ್ತದೆ, ಪ್ರತಿ ಹೆಜ್ಜೆಯೂ ನೆಲ ತನ್ನದೆಂದು ಹೇಳುತ್ತದೆ. ‘ಹೌಲಾ ಹೌಲಾ’ ಎಂಬ ಆ ಕೂಗು ಅರ್ಥವಿರುವ ಮಾತಲ್ಲ, ಅಧಿಕಾರದ ಸದ್ದು. ಯಾರನ್ನೂ ಕೇಳಿ ಗೊತ್ತಿಲ್ಲದವನ ಗಂಟಲಿನಿಂದ ಮಾತ್ರ ಬರಬಹುದಾದ ಸದ್ದು. ಹೆಣ್ಣನ್ನು ನೋಡುವಾಗ ಅವನ ಕಣ್ಣಿನಲ್ಲಿ ಪ್ರೀತಿ ಇಲ್ಲ. ಬೇಟೆಯೂ ಪೂರ್ತಿ ಇಲ್ಲ. ತನಗೆ ಇಲ್ಲವೆಂದವಳನ್ನು ಅರ್ಥ ಮಾಡಿಕೊಳ್ಳಲಾಗದ ಗೊಂದಲವಿದೆ. ಓಲ್ಡ್‌ಮನ್‌ನ ಡ್ರಾಕುಲಾ ಪ್ರೀತಿಗಾಗಿ ಕಾಯುವವನು. ವಿಷ್ಣು ಅವರ ದೊರೆ ಅವಮಾನ ಮರೆಯದವನು. ಎರಡನೆಯದು ನಮ್ಮ ಪಾಳೇಪಟ್ಟುಗಳ ಮಣ್ಣಿಗೆ ಹೆಚ್ಚು ಹತ್ತಿರ. ಅದೇ ವರ್ಷ ತೆಲುಗಿನಲ್ಲಿ ಇದೇ ಕಥೆ ‘ನಾಗವಲ್ಲಿ’ ಆಗಿ ವೆಂಕಟೇಶ್ ಆ ಸಾಯದ ಅರಸನನ್ನು ಆಡಿದರು. ಶ್ರಮ ಕಂಡಿತು. ಕನ್ನಡದ ದೊರೆಗಿದ್ದ ಮದ ಕಾಣಲಿಲ್ಲ.

ಈ ಮದ ಎಲ್ಲಿಂದ ಬಂತು ಎಂದು ಕೇಳಿದರೆ ದುರ್ಗಕ್ಕೇ ಮರಳಬೇಕು. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರೂ ಕಾದಂಬರಿ ಸೇರಿಸಿ ಸಿನಿಮಾ ಮಾಡಿದರು. ಸಂಪತ್‌ಕುಮಾರ್ ಎಂಬ ಹುಡುಗ ವಿಷ್ಣುವರ್ಧನ್ ಎಂಬ ಹೆಸರಿನಲ್ಲಿ ರಾಮಾಚಾರಿಯಾಗಿ ಈ ಕೋಟೆಯ ಬಂಡೆಗಳ ಮೇಲೆ ಓಡಾಡಿದ. ರಾಮಾಚಾರಿ ನಾಯಕನೇ ಹೌದು, ಒಳಗೆ ವಿಷವೂ ಇದೆ. ಕೋಪ ಬಂದಾಗ ಹೆಡೆ ಎತ್ತಿದವನಂತೆ ಸೆಟೆಯುತ್ತಾನೆ, ನೋಟ ಒಂದೇ ಕಡೆ ನಾಟುತ್ತದೆ. ಅವನನ್ನು ಒಲಿಸಬಲ್ಲ ಏಕೈಕ ವೈದ್ಯ ಚಾಮಯ್ಯ ಮೇಷ್ಟ್ರು, ಕೆ.ಎಸ್. ಅಶ್ವಥ್. ಕೊನೆಗೆ ಮೇಷ್ಟ್ರೂ ಆ ಬೆಟ್ಟದಲ್ಲೇ ಉರುಳುತ್ತಾರೆ, ಶಿಷ್ಯನೂ ಪ್ರೇಯಸಿ ಮಾರ್ಗರೆಟ್ಟಳ ಜತೆ ಅಲ್ಲೇ ಪ್ರಾಣ ಬಿಡುತ್ತಾನೆ. ತನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರ ಪಟ್ಟುಕೊಂಡ ಮಾತು ದುರ್ಗದ ಸಾಹಿತ್ಯ ಗೋಷ್ಠಿಗಳಲ್ಲಿ ಇಂದಿಗೂ ಬರುತ್ತದೆ. ಲೇಖಕನ ನೋವು ಲೇಖಕನಿಗೆ. ನಟನ ಲೆಕ್ಕದಲ್ಲಿ ಹೇಳುವುದಾದರೆ, ಒಳ್ಳೆಯವನನ್ನೂ ವಿಷ ಕಾರುವವನನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳುವುದನ್ನು ಅವನು ಕಲಿತದ್ದು ಇಲ್ಲಿ. ಮೂವತ್ತೆಂಟು ವರ್ಷದ ನಂತರ ವೈದ್ಯನನ್ನೂ ದೊರೆಯನ್ನೂ ಒಟ್ಟಿಗೆ ಹೊರಲು ಅದೇ ಕಲಿಕೆ ಒದಗಿತು.

‘ಆಪ್ತರಕ್ಷಕ’ವನ್ನು ಜನರ ಜತೆ ನೋಡುವುದು ವಿಷ್ಣುವರ್ಧನ್‌ಗೆ ಆಗಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಾಗವಲ್ಲಿಯ ಎರಡು ಕನ್ನಡ ಚಿತ್ರಗಳೂ ತಮ್ಮ ಮುಖ್ಯ ಕಲಾವಿದರು ತೀರಿಕೊಂಡ ಮೇಲೆ ತೆರೆಗೆ ಬಂದವು. ಇದನ್ನು ಶಾಪವೆಂದು ಆಡಿಕೊಂಡವರಿದ್ದಾರೆ. ಒಂದು ವಿಮಾನ ಅಪಘಾತ, ಒಂದು ಹೃದಯಾಘಾತ. ಶಾಪದ ಕಥೆ ಕಟ್ಟುವುದು ಇಬ್ಬರ ದುಡಿಮೆಗೂ ಮಾಡುವ ಅನ್ಯಾಯ.

ಸತ್ತ ನಟನನ್ನು ಎಬ್ಬಿಸುವ ಪ್ರಯತ್ನವೂ ನಡೆಯಿತು. 2016ರ ಅಕ್ಟೋಬರಿನಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ಇನ್ನೊಂದು ‘ನಾಗರಹಾವು’ ಬಂತು. ಬೇರೊಬ್ಬರ ದೇಹದ ಮೇಲೆ ಗ್ರಾಫಿಕ್ಸ್‌ನಲ್ಲಿ ರಚಿಸಿದ ವಿಷ್ಣುವರ್ಧನ್ ಮುಖ. ಅಭಿಮಾನಿಗಳು ಶಿಳ್ಳೆ ಹೊಡೆದರು, ಕಣ್ಣೀರಿಟ್ಟರು. ಅವರ ಪ್ರೀತಿ ದೊಡ್ಡದು. ಆದರೆ ಆ ಮುಖದಲ್ಲಿ ಉಸಿರಿಲ್ಲ. ಹುಬ್ಬು ಏರುತ್ತದೆ, ಕಣ್ಣು ಹೊರಳುತ್ತದೆ, ಇವುಗಳ ನಡುವೆ ನಟ ಇಟ್ಟುಕೊಳ್ಳುತ್ತಿದ್ದ ಅರೆಕ್ಷಣದ ತಡ ಇಲ್ಲ. 2018ರಲ್ಲಿ 1972ರ ಹಳೆಯ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮರುಬಿಡುಗಡೆಯಾದಾಗ ರಾಮಾಚಾರಿ ಯಾವ ಗ್ರಾಫಿಕ್ಸ್‌ನ ಹಂಗಿಲ್ಲದೆ ಎದ್ದು ಬಂದ. ಎರಡನ್ನೂ ನೋಡಿದವರಿಗೆ ವ್ಯತ್ಯಾಸ ವಿವರಿಸಬೇಕಿಲ್ಲ.

ಕೋಡಿ ರಾಮಕೃಷ್ಣ ಅವರೇ 2009ರಲ್ಲಿ ಮಾಡಿದ ತೆಲುಗಿನ ‘ಅರುಂಧತಿ’ಯಲ್ಲಿ ಇನ್ನೊಬ್ಬ ಸಾಯದವನಿದ್ದಾನೆ, ಪಶುಪತಿ. ಮೈ ಸೋನು ಸೂದ್ ಅವರದು. ನೋಡುಗರು ರಾತ್ರಿ ಬೆಚ್ಚಿದ್ದು ಮಾತ್ರ ಪಿ. ರವಿಶಂಕರ್ ಕೊಟ್ಟ ದನಿಗೆ. ಅದೇ ರವಿಶಂಕರ್ ‘ಕೆಂಪೇಗೌಡ’ದ ಆರ್ಮುಗಂ ಆಗಿ ಕನ್ನಡಿಗರ ಮನೆಮಾತಾದರು. ರಾಕ್ಷಸ ಪಾತ್ರದಲ್ಲಿ ದನಿ ಅರ್ಧಕ್ಕಿಂತ ಹೆಚ್ಚು ಎಂಬುದು ಈ ಸೀಮೆಗೆ ಹೊಸ ವಿಷಯವಲ್ಲ. ಚಿತ್ರದುರ್ಗದ ಹಳ್ಳಿಗಳ ಮೂಡಲಪಾಯ ಬಯಲಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿದ ರಾಕ್ಷಸ ವೇಷಧಾರಿ ಮೈಕಿಲ್ಲದ ಕಾಲದಲ್ಲೂ ಬಯಲಿನ ಕೊನೆಯ ಸಾಲಿಗೆ ಅಬ್ಬರ ಮುಟ್ಟಿಸಬೇಕಿತ್ತು. ಮುಖವೀಣೆ, ಮದ್ದಳೆಯ ಮೇಲೆ ಅವನ ಗಂಟಲು ಏಳಬೇಕಿತ್ತು. ಬೆಳಗಿನ ಜಾವದವರೆಗೆ ಆ ದನಿ ಒಡೆಯಬಾರದು. ಇಂಥ ತಾಲೀಮಿಗೆ ಈಗ ಬೇರೆ ನೆಲೆಗಳಿವೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಕಟ್ಟಿದ ಶಿವಸಂಚಾರ ತಂಡ ವರ್ಷವಿಡೀ ನಾಡು ಸುತ್ತಿ ನಾಟಕ ಆಡುತ್ತದೆ. ಅಲ್ಲಿ ರಂಗಶಾಲೆಯೂ ಇದೆ, ಪ್ರತಿವರ್ಷ ನವೆಂಬರ್ ಹೊತ್ತಿಗೆ ನಾಟಕೋತ್ಸವವೂ ನಡೆಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ, ಯೋಗ ಕಲಿಸಿದ ರಾಘವೇಂದ್ರ ಸ್ವಾಮೀಜಿಯವರ ಆಶ್ರಮದ ಊರು, ರಂಗದಾಸೋಹದ ನಾಟಕಗಳಿಗೂ ಹೆಸರಾಗಿದೆ. ಉಸಿರನ್ನು ಹೊಟ್ಟೆಗಿಳಿಸುವುದು, ಬೆನ್ನುಮೂಳೆಯಿಂದ ನಿಲ್ಲುವುದು, ಮೌನವನ್ನು ಹಿಡಿದಿಡುವುದು, ಇವು ಯೋಗಶಾಲೆಗೂ ರಂಗಶಾಲೆಗೂ ಸಮಾನ ಪಾಠ. ಬ್ರಾಡ್‌ವೇಯಲ್ಲಿ ಲುಗೋಸಿ ಪಳಗಿದ್ದೂ ಇಂಥ ಪಾಠದಲ್ಲೇ.

ಇತ್ತೀಚೆಗೆ ಕನ್ನಡದಲ್ಲಿ ಮೈದುಂಬುವ ಪಾತ್ರಗಳಿಗೆ ಬರವಿಲ್ಲ. 2022ರ ‘ಕಾಂತಾರ’ದ ನಟನೆಗೆ ರಿಷಬ್ ಶೆಟ್ಟಿ ರಾಷ್ಟ್ರಪ್ರಶಸ್ತಿ ಪಡೆದರು. 2025ರ ‘ಸು ಫ್ರಮ್ ಸೋ’ದಲ್ಲಿ ಜೆ.ಪಿ. ತುಮಿನಾಡ್ ಮೈಮೇಲೆ ಬಂದಂತೆ ನಟಿಸುವುದನ್ನೇ ನಗೆಯ ವಸ್ತು ಮಾಡಿ, ಕೊನೆಗೆ ಅಳಿಸಿದರು. ಸಾಯದ ದೊರೆಯ ಪಾತ್ರಕ್ಕೆ ಮಾತ್ರ ‘ಆಪ್ತರಕ್ಷಕ’ದ ನಂತರ ಕನ್ನಡ ಯಾರನ್ನೂ ಕರೆದಿಲ್ಲ. ಮಲಯಾಳಂ ಕರೆಯಿತು. 2024ರ ಕಪ್ಪುಬಿಳುಪಿನ ‘ಭ್ರಮಯುಗಂ’ನಲ್ಲಿ ಎಪ್ಪತ್ತು ದಾಟಿದ ಮಮ್ಮೂಟ್ಟಿ ಕೊಡುಮೊನ್ ಪೋಟ್ಟಿಯಾಗಿ, ಬೆರಳೆಣಿಕೆಯ ಪಾತ್ರಗಳ ನಡುವೆ, ಹಾಳುಬಿದ್ದ ಮನೆಯ ಪಡಸಾಲೆಯಲ್ಲಿ ಕೂತು ನಕ್ಕೇ ಹೆದರಿಸಿದರು. ಓಡಾಟ ಕಡಿಮೆ, ನೋಟ ಹೆಚ್ಚು. ಲುಗೋಸಿ ಹಾಕಿಕೊಟ್ಟ ಹಾದಿಯೇ ಅದು. ಗಂಡಸಿನ ಮೈಯಲ್ಲಿ ಹೆಣ್ಣಿನ ಪ್ರೇತವನ್ನು 1979ರಲ್ಲೇ ನಿಭಾಯಿಸಿದ ಅನಂತನಾಗ್ ನಮ್ಮ ನಡುವೆ ಇದ್ದಾರೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಪ್ರತಿವರ್ಷ ಹೊಸ ಗಂಟಲುಗಳು ಕೇಳುತ್ತವೆ. ನೂರು ವರ್ಷದ ಅರಸನ ಪಾತ್ರಕ್ಕೆ ಬೇಕಾದ ಕೋಟೆ ದುರ್ಗದಲ್ಲಿದೆ, ನಟರು ಈ ಜಿಲ್ಲೆಯಲ್ಲೇ ತಯಾರಾಗುತ್ತಿದ್ದಾರೆ. ಆ ಪಾತ್ರ ಬರೆಯುವ ಲೇಖಕರು ಮತ್ತು ಅದಕ್ಕೆ ಹಣ ಹಾಕುವ ನಿರ್ಮಾಪಕರು ಮುಂದೆ ಬರಬೇಕು.